ಉಕ್ಕಿನ ಲೆಕ್ಕ, ಧಾನ್ಯದ ಲೆಕ್ಕ

(ಎರಡು ಮಹಾಯುದ್ಧಗಳ ನಡುವಿನ ಅವಧಿಯ ಸೋವಿಯತ್ ಮತ್ತು ಬಂಡವಾಳಶಾಹಿ ಕೈಗಾರಿಕಾ ಬೆಳವಣಿಗೆಯನ್ನು ಕುರಿತ ಉಪನ್ಯಾಸದ ಬರಹ ರೂಪ)

1932ನೆಯ ಇಸವಿಯ ಮೂರು ಅಂಕಿಗಳಿಂದ ಆರಂಭಿಸುತ್ತೇನೆ. ಆ ವರ್ಷ ಬ್ರಿಟನ್ ತಯಾರಿಸಿದ ಉಕ್ಕು ಸುಮಾರು 53 ಲಕ್ಷ ಟನ್, ಜರ್ಮನಿ ತಯಾರಿಸಿದ್ದು 58 ಲಕ್ಷ ಟನ್, ಸೋವಿಯತ್ ಒಕ್ಕೂಟ ತಯಾರಿಸಿದ್ದು 59 ಲಕ್ಷ ಟನ್. ಕೇವಲ ಹನ್ನೆರಡು ವರ್ಷಗಳ ಹಿಂದೆ, ಅಂತರ್ಯುದ್ಧ ಮುಗಿಯುತ್ತಿದ್ದಾಗ, ಇದೇ ಸೋವಿಯತ್ ನೆಲದಲ್ಲಿ ವರ್ಷವಿಡೀ ತಯಾರಾದ ಉಕ್ಕು ಎರಡು ಲಕ್ಷ ಟನ್ನನ್ನೂ ಮುಟ್ಟಿರಲಿಲ್ಲ. ಕೈಗಾರಿಕಾ ಕ್ರಾಂತಿಯ ತವರೂರಾದ ಬ್ರಿಟನ್ನನ್ನೂ ಉಕ್ಕಿನ ದೊರೆಗಳ ನಾಡಾದ ಜರ್ಮನಿಯನ್ನೂ ಒಂದೇ ವರ್ಷ ಹಿಂದಿಕ್ಕಿದ ಈ ಅಂಕಿಯನ್ನು ಕಂಡವರಿಗೆ, ಅವರು ಯಾವ ಪಂಥದವರೇ ಆಗಿರಲಿ, ಏನನ್ನಿಸಿರಬಹುದೆಂದು ಊಹಿಸಿ ನೋಡಿ.

ಈಗ ಮೂರೇ ವರ್ಷ ಹಿಂದಕ್ಕೆ ಹೋಗೋಣ. 1929ರಲ್ಲಿ ಬ್ರಿಟನ್ನಿನ ಉಕ್ಕು 98 ಲಕ್ಷ ಟನ್, ಜರ್ಮನಿಯದು 1 ಕೋಟಿ 62 ಲಕ್ಷ ಟನ್, ಸೋವಿಯತ್ ಒಕ್ಕೂಟದ್ದು 49 ಲಕ್ಷ ಟನ್. ಅಂದರೆ ಈ ಮೂರು ವರ್ಷಗಳಲ್ಲಿ ಸೋವಿಯತ್ ಒಕ್ಕೂಟ ಮೇಲಕ್ಕೆ ಹತ್ತಿದ್ದು 10 ಲಕ್ಷ ಟನ್‌ನಷ್ಟು. ಜರ್ಮನಿ ಕೆಳಕ್ಕೆ ಕುಸಿದದ್ದು ಒಂದು ಕೋಟಿ ಟನ್ನಿಗೂ ಹೆಚ್ಚು. ಐದು ವರ್ಷ ಮುಂದಕ್ಕೆ ಹೋದರೆ ಚಿತ್ರ ಮತ್ತೆ ಬದಲಾಗುತ್ತದೆ. 1937ರಲ್ಲಿ ಸೋವಿಯತ್ ಉಕ್ಕು 1 ಕೋಟಿ 77 ಲಕ್ಷ ಟನ್; ಜರ್ಮನಿ ಅಷ್ಟರಲ್ಲಿ ಚೇತರಿಸಿಕೊಂಡು 1 ಕೋಟಿ 98 ಲಕ್ಷ ಟನ್ ತಲುಪಿತ್ತು, ಬ್ರಿಟನ್ 1 ಕೋಟಿ 32 ಲಕ್ಷ ಟನ್ ತಲುಪಿತ್ತು. ಆದ್ದರಿಂದ 1932ರ ಪವಾಡ ಬಹುಪಾಲು, 1929ರಲ್ಲಿ ಆರಂಭವಾದ ಮಹಾ ಆರ್ಥಿಕ ಕುಸಿತದಲ್ಲಿ ಇತರರು ಬಿದ್ದದ್ದರಿಂದ ಆದದ್ದು. 1937ರ ಸಾಧನೆ ಮಾತ್ರ ಸೋವಿಯತ್ ಒಕ್ಕೂಟದ್ದೇ. ಇವೆರಡನ್ನೂ ಬೆರೆಸಿ ಮಾತನಾಡುವುದು ಆಗಲೇ ಆರಂಭವಾಯಿತು, ಇಂದಿಗೂ ನಿಂತಿಲ್ಲ.

ಎಣಿಕೆಯನ್ನು ಯಾವ ವರ್ಷದಿಂದ ಆರಂಭಿಸಬೇಕು ಎಂಬ ಪ್ರಶ್ನೆಯೇ ಅರ್ಧ ಉತ್ತರವಾಗಿಬಿಡುತ್ತದೆ. ತ್ಸಾರನ ರಷ್ಯಾ 1913ರಲ್ಲಿ ತಯಾರಿಸಿದ ಉಕ್ಕು ಸುಮಾರು 42 ಲಕ್ಷ ಟನ್. ಮೊದಲ ಪಂಚವಾರ್ಷಿಕ ಯೋಜನೆ ಆರಂಭವಾದ 1928ರಲ್ಲಿ 43 ಲಕ್ಷ ಟನ್. ಯುದ್ಧ, ಕ್ರಾಂತಿ ಮತ್ತು ಅಂತರ್ಯುದ್ಧ ಸೇರಿ ಹದಿನೈದು ವರ್ಷಗಳನ್ನು ನುಂಗಿಹಾಕಿದ್ದವು. 1920ರಿಂದ ಎಣಿಸಿದರೆ ಸೋವಿಯತ್ ಬೆಳವಣಿಗೆ ನಂಬಲಾಗದಷ್ಟು ವೇಗದ್ದು, ಆದರೆ ಅದರಲ್ಲಿ ಬಹುಭಾಗ ಇದ್ದ ಕುಲುಮೆಗೆ ಮತ್ತೆ ಬೆಂಕಿ ಹಾಕಿದ್ದು. 1913ರಿಂದ ಎಣಿಸಿದರೆ ವೇಗ ಸಾಧಾರಣ. 1928ರಿಂದ ಎಣಿಸಿದಾಗ ಮಾತ್ರ ಹೊಸದಾಗಿ ಕಟ್ಟಿದ್ದು ಎಷ್ಟು ಎಂಬುದು ತಿಳಿಯುತ್ತದೆ. ಆದರೆ ಆ ಕಟ್ಟುವಿಕೆಯ ಮೊದಲ ಐದು ವರ್ಷಗಳು ಬಂಡವಾಳಶಾಹಿ ಜಗತ್ತಿನ ಅತಿ ಕೆಟ್ಟ ವರ್ಷಗಳ ಮೇಲೆಯೇ ಬಂದು ಕೂರುತ್ತವೆ.

ಬಂಡವಾಳಶಾಹಿ ಜಗತ್ತು ಎಂದು ಒಂದೇ ಉಸಿರಿನಲ್ಲಿ ಹೇಳುವುದೂ ತಪ್ಪೇ. 1920ರ ದಶಕದ ಅಮೆರಿಕದಲ್ಲಿ ಕಾರ್ಖಾನೆಗಳು ಉಗಿಯಂತ್ರ ಮತ್ತು ಉದ್ದನೆಯ ಪಟ್ಟಿಗಳನ್ನು ತೆಗೆದುಹಾಕಿ ಪ್ರತಿ ಯಂತ್ರಕ್ಕೂ ತನ್ನದೇ ವಿದ್ಯುತ್ ಮೋಟಾರನ್ನು ಜೋಡಿಸಿಕೊಂಡವು. ಒಬ್ಬ ಕಾರ್ಮಿಕ ಒಂದು ಗಂಟೆಯಲ್ಲಿ ಮಾಡುವ ಕೆಲಸ ಹಿಂದೆಂದೂ ಕಾಣದ ವೇಗದಲ್ಲಿ ಹೆಚ್ಚಿತು. ಅದೇ ಕಾಲದಲ್ಲಿ ಬ್ರಿಟನ್ 1925ರಲ್ಲಿ ಪೌಂಡಿಗೆ 4.86 ಡಾಲರ್ ಎಂಬ ಯುದ್ಧಪೂರ್ವದ ದರದಲ್ಲೇ ಚಿನ್ನದ ಪ್ರಮಿತಿಗೆ, ಅಂದರೆ ನಾಣ್ಯದ ಬೆಲೆಯನ್ನು ಚಿನ್ನಕ್ಕೆ ಕಟ್ಟಿಹಾಕುವ ಪದ್ಧತಿಗೆ, ಮರಳಿ, ತನ್ನ ಕಲ್ಲಿದ್ದಲು ಮತ್ತು ಬಟ್ಟೆಯ ರಫ್ತನ್ನು ತಾನೇ ತುಟ್ಟಿಯಾಗಿಸಿಕೊಂಡು ಕುಂಟುತ್ತಿತ್ತು. ಜರ್ಮನಿ 1923ರ ಹಣದುಬ್ಬರದಲ್ಲಿ ಬೆಂದು, 1924ರ ಬಳಿಕ ಅಮೆರಿಕದ ಸಾಲದ ಆಸರೆಯಲ್ಲಿ ನಿಂತಿತ್ತು. ಆ ಸಾಲ ನಿಂತಾಗ ಜರ್ಮನಿಯೂ ಬಿತ್ತು. 1932ರ ಆರಂಭದಲ್ಲಿ ಅಲ್ಲಿ ನೋಂದಾಯಿತ ನಿರುದ್ಯೋಗಿಗಳೇ 60 ಲಕ್ಷ. ಅಮೆರಿಕದ ಉಕ್ಕು 1929ರ 5 ಕೋಟಿ 70 ಲಕ್ಷ ಟನ್ನಿನಿಂದ 1932ರಲ್ಲಿ 1 ಕೋಟಿ 39 ಲಕ್ಷ ಟನ್ನಿಗೆ ಇಳಿಯಿತು. 1933ರ ಹೊತ್ತಿಗೆ ಅಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಗಣಿಯೂ ಇತ್ತು, ಕುಲುಮೆಯೂ ಇತ್ತು, ಕೆಲಸ ಬಲ್ಲ ಕೈಗಳೂ ಇದ್ದವು; ಕೊಳ್ಳುವವರು ಮಾತ್ರ ಇರಲಿಲ್ಲ. ಹಸಿದ ಮನುಷ್ಯ ಮುಚ್ಚಿದ ಕಾರ್ಖಾನೆಯ ಬಾಗಿಲಲ್ಲಿ ನಿಂತಿದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ, ಮತ್ತು ಸೋವಿಯತ್ ಪ್ರಯೋಗದತ್ತ ಅಷ್ಟೊಂದು ಜನ ಆಸೆಗಣ್ಣಿನಿಂದ ನೋಡಿದ್ದನ್ನು ಅರ್ಥಮಾಡಿಕೊಳ್ಳಬೇಕಾದರೆ ಆ ಬಾಗಿಲನ್ನು ನೆನಪಿಟ್ಟುಕೊಳ್ಳಲೇಬೇಕು.

ಇನ್ನು ಸೋವಿಯತ್ ಕಡೆಗೆ ಬರೋಣ. 1921ರಲ್ಲಿ ಲೆನಿನ್ ತಂದ ಹೊಸ ಆರ್ಥಿಕ ನೀತಿ ರೈತನಿಗೆ ತನ್ನ ಧಾನ್ಯವನ್ನು ಮಾರುವ ಸ್ವಾತಂತ್ರ್ಯ ಕೊಟ್ಟಿತು. ದೊಡ್ಡ ಕಾರ್ಖಾನೆಗಳು ಸರ್ಕಾರದ ಕೈಯಲ್ಲೇ ಉಳಿದವು. 1923ರಲ್ಲೇ ಒಂದು ತೊಡಕು ಕಾಣಿಸಿತು. ಕಾರ್ಖಾನೆಯ ಸರಕಿನ ಬೆಲೆ ಏರುತ್ತ, ಧಾನ್ಯದ ಬೆಲೆ ಇಳಿಯುತ್ತ, ನಕ್ಷೆಯ ಮೇಲೆ ಎರಡು ಗೆರೆಗಳು ತೆರೆದ ಕತ್ತರಿಯಂತೆ ಅಗಲವಾದವು. ಟ್ರಾಟ್‌ಸ್ಕಿ ಅದನ್ನು ಕತ್ತರಿ ಎಂದೇ ಕರೆದ. ಹಳ್ಳಿಯಿಂದ ಅಗ್ಗವಾಗಿ ಕೊಂಡು, ಹಳ್ಳಿಗೆ ತುಟ್ಟಿಯಾಗಿ ಮಾರಿ, ನಡುವಿನ ಹಣದಿಂದ ಕಾರ್ಖಾನೆ ಕಟ್ಟಬೇಕೆಂದು ಪಕ್ಷದ ಅರ್ಥಶಾಸ್ತ್ರಜ್ಞ ಪ್ರಿಯೊಬ್ರಝೆನ್‌ಸ್ಕಿ ವಾದಿಸಿದ. ಹಾಗೆ ಮಾಡಿದರೆ ರೈತ ಧಾನ್ಯ ಮಾರುವುದನ್ನೇ ನಿಲ್ಲಿಸುತ್ತಾನೆ, ಅವನು ಏಳಿಗೆಯಾದರೆ ತಾನೇ ಕಾರ್ಖಾನೆಗೆ ಗಿರಾಕಿ ಸಿಗುವುದು ಎಂದು ಪಕ್ಷದ ನಾಯಕ ಬುಖಾರಿನ್ ಉತ್ತರಿಸಿದ. ಆ ದಶಕದಲ್ಲಿ ಅಭಿವೃದ್ಧಿಯ ಬಗ್ಗೆ ಜಗತ್ತಿನಲ್ಲಿ ನಡೆದ ಅತಿ ಗಂಭೀರ ಚರ್ಚೆ ಇದೆಂದು ನಾನು ಭಾವಿಸುತ್ತೇನೆ. ಅದನ್ನು ಮುಗಿಸಿದ್ದು ವಾದವಲ್ಲ. 1927ರ ಕೊನೆಯಲ್ಲಿ ಸರ್ಕಾರಕ್ಕೆ ಬರಬೇಕಾದ ಧಾನ್ಯ ಬಾರದೆ ಹೋದಾಗ ಸ್ಟಾಲಿನ್ ಸೈಬೀರಿಯಾಕ್ಕೆ ತಾನೇ ಹೋಗಿ ಬಲವಂತದ ವಸೂಲಿ ಮಾಡಿಸಿದ. 1929ರ ಕೊನೆಗೆ ಹಳ್ಳಿಗಳನ್ನೇ, ರೈತರ ಹೊಲ ಮತ್ತು ದನಕರುಗಳನ್ನು ಒಟ್ಟುಗೂಡಿಸುವ ಸಾಮೂಹಿಕ ಬೇಸಾಯಕ್ಕೆ ದೂಡಲಾಯಿತು. ವಾದ ಮಾಡಿದ ಇಬ್ಬರನ್ನೂ ಮುಂದೆ ಗುಂಡಿಕ್ಕಿ ಕೊಲ್ಲಲಾಯಿತು, ಒಬ್ಬನನ್ನು 1937ರಲ್ಲಿ, ಇನ್ನೊಬ್ಬನನ್ನು 1938ರಲ್ಲಿ.

ಯೋಜನೆ ಎಂದರೆ ಅಳೆದು ತೂಗಿ ಮಾಡಿದ ಲೆಕ್ಕ ಎಂದು ನಾವು ತಿಳಿಯುತ್ತೇವೆ. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಬೀಡುಕಬ್ಬಿಣದ ಗುರಿ ಮೊದಲು 1 ಕೋಟಿ ಟನ್ ಆಗಿತ್ತು. ಕೆಲಸ ಆರಂಭವಾದ ಮೇಲೆ ಅದನ್ನು 1 ಕೋಟಿ 70 ಲಕ್ಷ ಟನ್ನಿಗೆ ಏರಿಸಲಾಯಿತು. 1932ರಲ್ಲಿ ನಿಜವಾಗಿ ಕೈಗೆ ಬಂದದ್ದು 62 ಲಕ್ಷ ಟನ್. ಆದರೂ ಯೋಜನೆ ನಾಲ್ಕು ವರ್ಷ ಮೂರು ತಿಂಗಳಲ್ಲೇ ಪೂರ್ಣಗೊಂಡಿತೆಂದು ಘೋಷಿಸಲಾಯಿತು. 1928ರಲ್ಲಿ ಸಿಕ್ಕಿದ್ದು 33 ಲಕ್ಷ ಟನ್ ಎಂಬುದನ್ನು ನೆನೆದರೆ 62 ಲಕ್ಷ ಟನ್ ಸಣ್ಣ ಸಾಧನೆಯೇನಲ್ಲ.

ಬೀಡುಕಬ್ಬಿಣದ ಮಾತು ಬಂದಿರುವುದರಿಂದ ನಮ್ಮ ಭದ್ರಾವತಿಯನ್ನು ನೆನೆಯದೆ ಮುಂದಕ್ಕೆ ಹೋಗಲಾರೆ. ಮಲೆನಾಡಿನ ಕಾಡಿನ ಇದ್ದಿಲನ್ನು ಉರಿಸಿ ಬೀಡುಕಬ್ಬಿಣ ತೆಗೆಯುವ ಮೈಸೂರು ಸಂಸ್ಥಾನದ ಆ ಕಾರ್ಖಾನೆ 1923ರಲ್ಲಿ ಆರಂಭವಾಯಿತು. ಯುದ್ಧಾನಂತರ ಕಬ್ಬಿಣದ ಬೆಲೆ ಬಿದ್ದದ್ದರಿಂದ ಮೊದಲ ವರ್ಷಗಳಲ್ಲೇ ನಷ್ಟಕ್ಕೆ ಸಿಲುಕಿತು. ಅದನ್ನು ಎತ್ತಿ ನಿಲ್ಲಿಸಲು ಶ್ರಮಿಸಿದ ವಿಶ್ವೇಶ್ವರಯ್ಯನವರು 1934ರಲ್ಲಿ, ಹತ್ತು ವರ್ಷಗಳಲ್ಲಿ ಭಾರತದ ವರಮಾನವನ್ನು ಇಮ್ಮಡಿ ಮಾಡುವ ಒಂದು ಯೋಜನೆಯನ್ನು ಪುಸ್ತಕವಾಗಿ ಪ್ರಕಟಿಸಿದರು. ಖಾಸಗಿ ಉದ್ಯಮವನ್ನು ಅಳಿಸದೆಯೇ ಯೋಜನೆ ಸಾಧ್ಯ ಎಂಬುದು ಅವರ ನಿಲುವು. ಮಾರುಕಟ್ಟೆಯ ಬೆಲೆ ಬಿದ್ದಾಗ ಕುಲುಮೆಯ ಗತಿಯೇನು ಎಂಬ ಪ್ರಶ್ನೆ ಅವರಿಗೆ ಓದಿ ತಿಳಿದದ್ದಲ್ಲ, ಭದ್ರಾವತಿಯಲ್ಲೇ ಕಂಡದ್ದು.

ಈಗ ನಾನು ಈ ಉಪನ್ಯಾಸದ ಮುಖ್ಯ ಮಾತಿಗೆ ಬರುತ್ತೇನೆ. ನಕ್ಷೆಯ ಮೇಲೆ ಒಂದು ಗೆರೆ ಏರುತ್ತ, ಇನ್ನೊಂದು ಇಳಿಯುತ್ತ ಇರುವುದನ್ನು ತೋರಿಸಿ, ಇವು ಎರಡು ಬೇರೆ ಬೇರೆ ಪ್ರಯೋಗಗಳ ಫಲಿತಾಂಶ ಎಂದು ಹೇಳುವುದು ವಾಡಿಕೆ. ಅವು ಬೇರೆ ಬೇರೆಯಾಗಿರಲಿಲ್ಲ. ಉರಲ್ ಬೆಟ್ಟಗಳ ಬಳಿ 1929ರಲ್ಲಿ ಕೆಲಸ ಆರಂಭವಾದ ಮ್ಯಾಗ್ನಿಟೊಗೊರ್ಸ್ಕ್ ಉಕ್ಕಿನ ಕಾರ್ಖಾನೆಗೆ ಮಾದರಿಯಾದದ್ದು ಅಮೆರಿಕದ ಇಂಡಿಯಾನಾದ ಗ್ಯಾರಿ ನಗರದ ಕಾರ್ಖಾನೆ. ವಿನ್ಯಾಸಕ್ಕೆ ಗೊತ್ತುಮಾಡಿದ್ದು ಕ್ಲೀವ್‌ಲ್ಯಾಂಡಿನ ಮೆಕ್‌ಕೀ ಕಂಪನಿಯನ್ನು. ನೀಪರ್ ನದಿಯ ಅಣೆಕಟ್ಟಿಗೆ ಸಲಹೆಗಾರ ಅಮೆರಿಕದ ಹ್ಯೂ ಕೂಪರ್, ಅಲ್ಲಿನ ಜನರೇಟರುಗಳಲ್ಲಿ ಹೆಚ್ಚಿನವು ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಹೆನ್ರಿ ಫೋರ್ಡ್ 1929ರ ಮೇ ತಿಂಗಳಲ್ಲಿ ಸೋವಿಯತ್ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು, ಸುಮಾರು 3 ಕೋಟಿ ಡಾಲರಿನ ವಾಹನ ಮತ್ತು ಬಿಡಿಭಾಗಗಳ ಖರೀದಿಗೆ ಪ್ರತಿಯಾಗಿ ಮೋಟಾರು ಕಾರ್ಖಾನೆಯ ತಂತ್ರಜ್ಞಾನವನ್ನು ಕೊಡಲು ಒಪ್ಪಿದ. ಸ್ಟಾಲಿನ್‌ಗ್ರಾದ್ ಟ್ರಾಕ್ಟರ್ ಕಾರ್ಖಾನೆಯ ಕಥೆಯಂತೂ ಹೇಳಲೇಬೇಕಾದದ್ದು. ಡೆಟ್ರಾಯಿಟ್‌ನ ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್ ಅದನ್ನು ವಿನ್ಯಾಸ ಮಾಡಿದ. ಕಟ್ಟಡದ ಉಕ್ಕಿನ ಚೌಕಟ್ಟನ್ನು ಅಮೆರಿಕದಲ್ಲೇ ತಯಾರಿಸಿ, ಹಡಗಿಗೆ ಏರಿಸಿ ಕಳುಹಿಸಿ, ವೋಲ್ಗಾ ದಡದಲ್ಲಿ ಮತ್ತೆ ಜೋಡಿಸಲಾಯಿತು. 1930ರ ಜೂನ್ 17ರಂದು ಮೊದಲ ಟ್ರಾಕ್ಟರ್ ಹೊರಬಂತು. ಆಮೇಲಿನ ತಿಂಗಳುಗಳಲ್ಲಿ ಹೊರಬಂದದ್ದು ತೀರ ಕಡಿಮೆ, ಏಕೆಂದರೆ ಮೊನ್ನೆಮೊನ್ನೆ ಹಳ್ಳಿ ಬಿಟ್ಟು ಬಂದ ಹುಡುಗರಿಗೆ ಅಂಥ ಸೂಕ್ಷ್ಮ ಯಂತ್ರಗಳ ಪರಿಚಯವೇ ಇರಲಿಲ್ಲ. ಆದರೆ 1932ರ ಹೊತ್ತಿಗೆ ಅದೇ ಹುಡುಗರು ವಿನ್ಯಾಸದಲ್ಲಿ ಬರೆದಿದ್ದಂತೆ ದಿನಕ್ಕೆ 144 ಟ್ರಾಕ್ಟರುಗಳನ್ನು ಹೊರತಂದರು. ಎರಡು ವರ್ಷದಲ್ಲಿ ಅವರು ಕಲಿತ ಆ ವಿದ್ಯೆಯನ್ನು ನಾನು ತುಂಬ ಗೌರವದಿಂದ ನೆನೆಯುತ್ತೇನೆ.

ಕಾನ್, ಕೂಪರ್, ಫೋರ್ಡ್ ಇವರೆಲ್ಲ ಮಾಸ್ಕೋದತ್ತ ತಿರುಗಿದ್ದು ಸಿದ್ಧಾಂತದ ಒಲವಿನಿಂದಲ್ಲ. ತಮ್ಮ ದೇಶದಲ್ಲಿ ಗಿರಾಕಿಗಳಿಲ್ಲದಾದಾಗ ಯಂತ್ರೋಪಕರಣ ತಯಾರಕರಿಗೆ ಸೋವಿಯತ್ ಸರ್ಕಾರ ಅತಿ ದೊಡ್ಡ ಗಿರಾಕಿಯಾಯಿತು. 1931ರಲ್ಲಿ ನ್ಯೂಯಾರ್ಕಿನ ಸೋವಿಯತ್ ವ್ಯಾಪಾರ ಸಂಸ್ಥೆ ಆಮ್‌ಟೋರ್ಗ್ ಸುಮಾರು 6,000 ನುರಿತ ಕೆಲಸಗಾರರು ಬೇಕೆಂದು ಪ್ರಕಟಿಸಿದಾಗ ಒಂದು ಲಕ್ಷಕ್ಕೂ ಹೆಚ್ಚು ಅಮೆರಿಕನ್ನರು ಅರ್ಜಿ ಹಾಕಿದರೆಂದು ಅಂದಿನ ಪತ್ರಿಕೆಗಳು ವರದಿ ಮಾಡಿದವು. ಹೀಗೆ ಒಂದು ಕಡೆಯ ಕುಸಿತವೇ ಇನ್ನೊಂದು ಕಡೆಗೆ ಯಂತ್ರಗಳನ್ನೂ ತಜ್ಞರನ್ನೂ ಒದಗಿಸಿತು.

ಆದರೆ ಅದೇ ಕುಸಿತ ಇನ್ನೊಂದು ಕೆಲಸವನ್ನೂ ಮಾಡಿತು, ಮತ್ತು ನಾನು ಧಾನ್ಯದ ಲೆಕ್ಕ ಎಂದದ್ದು ಇದನ್ನೇ. ಯಂತ್ರಕ್ಕೆ ಡಾಲರ್ ಬೇಕು, ಡಾಲರಿಗೆ ರಫ್ತು ಬೇಕು, ರಫ್ತಿಗೆ ಕೈಯಲ್ಲಿದ್ದದ್ದು ಮುಖ್ಯವಾಗಿ ಧಾನ್ಯ, ಮರ ಮತ್ತು ತೈಲ. ಜಗತ್ತಿನ ಮಾರುಕಟ್ಟೆಯಲ್ಲಿ ಯಂತ್ರದ ಬೆಲೆ ಸ್ವಲ್ಪ ಇಳಿದರೆ ಗೋಧಿಯ ಬೆಲೆ ಅರ್ಧಕ್ಕಿಂತಲೂ ಕೆಳಗೆ ಬಿತ್ತು. ಅಷ್ಟೇ ಯಂತ್ರ ಕೊಳ್ಳಲು ಈಗ ಬಹಳ ಹೆಚ್ಚು ಧಾನ್ಯ ಕಳುಹಿಸಬೇಕಾಯಿತು. 1930ರಲ್ಲಿ ಸುಮಾರು 48 ಲಕ್ಷ ಟನ್, 1931ರಲ್ಲಿ ಸುಮಾರು 52 ಲಕ್ಷ ಟನ್ ಧಾನ್ಯ ದೇಶದಿಂದ ಹೊರಗೆ ಹೋಯಿತು. 1931ರ ಬೆಳೆ ಕೆಟ್ಟಿತ್ತು, 1932ರದ್ದೂ ಕೆಟ್ಟಿತು. ಆದರೂ 1932ರಲ್ಲಿ ಸುಮಾರು 17 ಲಕ್ಷ ಟನ್ ಹೋಯಿತು. ಆ ವರ್ಷದ ಆಗಸ್ಟ್ 7ರ ಕಾನೂನು ಸಾಮೂಹಿಕ ಹೊಲದಿಂದ ತೆನೆ ಕದ್ದವರಿಗೆ ಮರಣದಂಡನೆಯವರೆಗೆ ಶಿಕ್ಷೆ ವಿಧಿಸಿತು. 1932–33ರ ಕ್ಷಾಮದಲ್ಲಿ ಸತ್ತವರ ಸಂಖ್ಯೆ ಸಂಶೋಧಕರ ಅಂದಾಜಿನಂತೆ 55 ಲಕ್ಷದಿಂದ 70 ಲಕ್ಷಕ್ಕೂ ಮೇಲೆ. ಉಕ್ರೇನಿನಲ್ಲೇ ಸುಮಾರು 35ರಿಂದ 39 ಲಕ್ಷ. ಕಝಾಕ್‌ಸ್ತಾನದಲ್ಲಿ ಅಲೆಮಾರಿ ಪಶುಪಾಲಕರ ಮಂದೆಗಳನ್ನು ಕಿತ್ತುಕೊಂಡು ಅವರನ್ನು ನೆಲೆ ನಿಲ್ಲಿಸಲು ಹೋದದ್ದರಿಂದ ಸುಮಾರು 15 ಲಕ್ಷ ಜನ ಸತ್ತರು.

ಕಾರ್ಖಾನೆ ಕಟ್ಟಲು ಇದು ಅನಿವಾರ್ಯ ಬೆಲೆಯಾಗಿತ್ತು ಎಂಬ ಮಾತನ್ನು ನೀವು ಕೇಳಿರುತ್ತೀರಿ. ಲೆಕ್ಕದ ಪ್ರಕಾರವೇ ಅದು ನಿಲ್ಲುವುದಿಲ್ಲ. ಸಾಮೂಹಿಕ ಬೇಸಾಯಕ್ಕೆ ದೂಡಿದಾಗ ರೈತರು ದನಕರುಗಳನ್ನು ಕೊಟ್ಟುಬಿಡುವ ಬದಲು ಕಡಿದು ತಿಂದರು; ಉಳಿದವು ಮೇವಿಲ್ಲದೆ ಸತ್ತವು. 1928ರಲ್ಲಿ 7 ಕೋಟಿ ಇದ್ದ ದನಗಳು 1933ಕ್ಕೆ 4 ಕೋಟಿಯೊಳಗೆ ಇಳಿದವು, ಉಳುವ ಕುದುರೆಗಳು ಅರ್ಧವಾದವು. ಆಗ ಸ್ಟಾಲಿನ್‌ಗ್ರಾದಿನ ಟ್ರಾಕ್ಟರುಗಳಲ್ಲಿ ಎಷ್ಟೋ ಸತ್ತ ಕುದುರೆಯ ಜಾಗ ತುಂಬುವುದಕ್ಕೇ ಹೋದವು. ಸೋವಿಯತ್ ಅರ್ಥಶಾಸ್ತ್ರಜ್ಞ ಬಾರ್ಸೋವ್ 1960ರ ದಶಕದಲ್ಲಿ ದಾಖಲೆಗಳನ್ನು ಕೂಡಿಸಿ ನೋಡಿದಾಗ, ಮೊದಲ ಯೋಜನೆಯ ಕಾಲದಲ್ಲಿ ಹಳ್ಳಿಯಿಂದ ಪೇಟೆಗೆ ಹರಿದ ನಿವ್ವಳ ಸಂಪತ್ತು ಹಿಂದಿಗಿಂತ ಹೆಚ್ಚಾಗಿರಲಿಲ್ಲ ಎಂಬುದು ಕಂಡುಬಂತು. ಇತ್ತೀಚೆಗೆ ರಾಬರ್ಟ್ ಆಲನ್ ಮಾಡಿದ ಲೆಕ್ಕಾಚಾರವೂ, ಹೊಸ ಆರ್ಥಿಕ ನೀತಿಯನ್ನು ಉಳಿಸಿಕೊಂಡೇ ಭಾರಿ ಕೈಗಾರಿಕೆಗೆ ಹಣ ಹೂಡಿದ್ದರೆ ಬೆಳವಣಿಗೆ ತುಸು ಮಾತ್ರ ನಿಧಾನವಾಗುತ್ತಿತ್ತು ಎನ್ನುತ್ತದೆ. ಸೋವಿಯತ್ ಕೈಗಾರಿಕೀಕರಣವನ್ನು ಮೆಚ್ಚುವ ಅರ್ಥಶಾಸ್ತ್ರಜ್ಞನೇ ಹೇಳಿದ ಮಾತಾದ್ದರಿಂದ ಇದಕ್ಕೆ ಹೆಚ್ಚು ತೂಕ ಕೊಡುತ್ತೇನೆ.

ಹಾಗಾದರೆ ಒಟ್ಟು ಬೆಳವಣಿಗೆ ಎಷ್ಟು? ಇಲ್ಲಿ ಒಂದು ತಾಂತ್ರಿಕ ವಿಷಯವನ್ನು ಬಿಡಿಸಿ ಹೇಳಲೇಬೇಕು, ದಯವಿಟ್ಟು ತಾಳ್ಮೆಯಿಂದ ಕೇಳಿ. ಒಂದು ಊಹೆಯ ದೇಶ ಮೊದಲ ವರ್ಷ 10 ಯಂತ್ರ ಮತ್ತು 3,000 ತುಂಡು ಬಟ್ಟೆ ತಯಾರಿಸಿತು ಎನ್ನೋಣ. ಆಗ ಯಂತ್ರ ಅಪರೂಪ, ಒಂದಕ್ಕೆ 100 ರೂಬಲ್. ಬಟ್ಟೆಗೆ 1 ರೂಬಲ್. ಹತ್ತು ವರ್ಷದ ನಂತರ ಯಂತ್ರ 100 ಆದವು, ಬಟ್ಟೆ ಮಾತ್ರ ಅದೇ 3,000. ಹಳೆಯ ಬೆಲೆಯಲ್ಲಿ ಗುಣಿಸಿದರೆ ಒಟ್ಟು ಉತ್ಪನ್ನ 4,000ದಿಂದ 13,000ಕ್ಕೆ ಏರಿತು, ಅಂದರೆ ಮೂರೂಕಾಲು ಪಟ್ಟು. ಆದರೆ ಯಂತ್ರಗಳು ಹೇರಳವಾಗಿ ತಯಾರಾದ್ದರಿಂದ ಅದರ ಬೆಲೆ 20ಕ್ಕೆ ಇಳಿದಿದೆ, ಬಟ್ಟೆ ಅಪರೂಪವಾಗಿ 2 ಆಗಿದೆ. ಈ ಹೊಸ ಬೆಲೆಯಲ್ಲಿ ಗುಣಿಸಿದರೆ 6,200ರಿಂದ 8,000ಕ್ಕೆ ಏರಿತು. ಒಂದೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಎರಡು ಲೆಕ್ಕದಲ್ಲೂ ಸುಳ್ಳಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಅಲೆಕ್ಸಾಂಡರ್ ಗರ್ಷೆನ್‌ಕ್ರಾನ್ 1951ರಲ್ಲಿ ಸೋವಿಯತ್ ಯಂತ್ರೋತ್ಪಾದನೆಯನ್ನು ಡಾಲರ್ ಬೆಲೆಯಲ್ಲಿ ಅಳೆಯುವಾಗ ಎತ್ತಿ ತೋರಿಸಿದ್ದು ಇದನ್ನೇ. ಅಲ್ಲಿನ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಅಬ್ರಾಂ ಬರ್ಗ್‌ಸನ್ 1928ರಿಂದ 1937ರವರೆಗಿನ ರಾಷ್ಟ್ರೀಯ ಉತ್ಪನ್ನವನ್ನು 1928ರ ಬೆಲೆಗಳಲ್ಲಿ ಲೆಕ್ಕ ಹಾಕಿದಾಗ ವರ್ಷಕ್ಕೆ ಸುಮಾರು ಶೇ. 12ರ ಬೆಳವಣಿಗೆ ಬಂತು, 1937ರ ಬೆಲೆಗಳಲ್ಲಿ ಶೇ. 5ರ ಆಸುಪಾಸಿಗೆ ಇಳಿಯಿತು. ನನ್ನ ಊಹೆಯ ದೇಶ ತೀರ ಊಹೆಯದೂ ಅಲ್ಲ: ಸೋವಿಯತ್ ಹತ್ತಿ ಬಟ್ಟೆಯ ಉತ್ಪಾದನೆ 1928ರಲ್ಲಿ ಎಷ್ಟಿತ್ತೋ 1932ರಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು, ಅದೇ ಅವಧಿಯಲ್ಲಿ ವಿದ್ಯುತ್ತು 500 ಕೋಟಿ ಯೂನಿಟ್ಟಿನಿಂದ 1,350 ಕೋಟಿ ಯೂನಿಟ್ಟಿಗೆ ಏರಿತ್ತು. ಮುಂದೆ 1987ರಲ್ಲಿ ಸೆಲ್ಯೂನಿನ್ ಮತ್ತು ಖಾನಿನ್ ಎಂಬ ಇಬ್ಬರು ಮಾಸ್ಕೋದ ಪತ್ರಿಕೆಯಲ್ಲೇ ಬರೆದು, 1928ರಿಂದ 1985ರವರೆಗೆ ರಾಷ್ಟ್ರೀಯ ವರಮಾನ ಸುಮಾರು 90 ಪಟ್ಟು ಬೆಳೆಯಿತೆಂಬ ಸರ್ಕಾರಿ ಅಂಕಿಯ ಜಾಗದಲ್ಲಿ ಆರೇಳು ಪಟ್ಟು ಎಂಬ ತಮ್ಮ ಅಂದಾಜನ್ನು ಇಟ್ಟರು.

ಶೇ. 5 ಎಂದರೂ ಅದು ಆ ಕಾಲಕ್ಕೆ ದೊಡ್ಡ ವೇಗ. ಆದರೆ ಅದನ್ನು ಅಮೆರಿಕದ ಪಕ್ಕದಲ್ಲಿಡುವುದಕ್ಕಿಂತ ಜಪಾನಿನ ಪಕ್ಕದಲ್ಲಿಡುವುದು ನ್ಯಾಯ. ಅರ್ಥಶಾಸ್ತ್ರಜ್ಞ ಆಂಗಸ್ ಮ್ಯಾಡಿಸನ್ ಅಂದಾಜಿನಂತೆ 1913ರಲ್ಲಿ ರಷ್ಯನ್ನರ ಮತ್ತು ಜಪಾನೀಯರ ತಲಾ ವರಮಾನ ಬಹುತೇಕ ಸಮವಾಗಿತ್ತು. ಎರಡೂ ರೈತರ ದೇಶಗಳು. ಜಪಾನ್ 1931ರ ಡಿಸೆಂಬರಿನಲ್ಲಿ ಚಿನ್ನದ ಪ್ರಮಿತಿಯನ್ನು ಬಿಟ್ಟಿತು. ಹಣಕಾಸು ಮಂತ್ರಿ ತಕಹಾಶಿ ಕೊರೆಕಿಯೊ ಯೆನ್ ಬೆಲೆ ಇಳಿಯಗೊಟ್ಟು, ಸಾಲ ಮಾಡಿ ಖರ್ಚು ಮಾಡಿ, ದೇಶವನ್ನು ಇತರರಿಗಿಂತ ಬೇಗ ಮೇಲೆತ್ತಿದ. 1929ರಲ್ಲಿ 23 ಲಕ್ಷ ಟನ್ ಇದ್ದ ಜಪಾನಿನ ಉಕ್ಕು 1937ಕ್ಕೆ 58 ಲಕ್ಷ ಟನ್ ಆಯಿತು. ಅಲ್ಲಿಯೂ ಹಳ್ಳಿ ನರಳಿತು. ಅಮೆರಿಕದ ಬೇಡಿಕೆ ಕುಸಿದು ರೇಷ್ಮೆಯ ಬೆಲೆ ಬಿದ್ದಾಗ ರೇಷ್ಮೆ ಬೆಳೆಗಾರರು ದಿವಾಳಿಯಾದರು. ಸೈನ್ಯದ ಖರ್ಚಿಗೆ ಕಡಿವಾಣ ಹಾಕಲು ಹೋದ ತಕಹಾಶಿಯನ್ನು 1936ರ ಫೆಬ್ರವರಿಯಲ್ಲಿ ಸೈನಿಕರೇ ಕೊಂದರು, ಆಮೇಲೆ ಆ ಉಕ್ಕು ಚೀನಾದ ಮೇಲೆ ಎರಗಿತು. ಬಂಡವಾಳಶಾಹಿ ದಾರಿ ತನ್ನಿಂತಾನೇ ಮಾನವೀಯ ಎಂದು ಹೇಳಲು ನಾನು ಜಪಾನನ್ನು ತರುತ್ತಿಲ್ಲ. ವೇಗದ ಕೈಗಾರಿಕೀಕರಣಕ್ಕೆ ಮಾಸ್ಕೋದ ದಾರಿ ಒಂದೇ ಅಲ್ಲ ಎಂದು ತೋರಿಸಲು ತರುತ್ತಿದ್ದೇನೆ.

ಎರಡು ವ್ಯವಸ್ಥೆಗಳ ರೋಗಗಳು ಒಂದಕ್ಕೊಂದು ತಿರುವುಮುರುವಾಗಿದ್ದವು. ಬಂಡವಾಳಶಾಹಿ ಕಡೆ ಸರಕು ಕೊಳೆಯುತ್ತಿತ್ತು, ಕೊಳ್ಳುವವರಿಲ್ಲ. ಸೋವಿಯತ್ ಕಡೆ ಕೊಳ್ಳುವವರ ಸಾಲು, ಸರಕಿಲ್ಲ. 1930ರ ಅಕ್ಟೋಬರಿನಲ್ಲಿ ಸೋವಿಯತ್ ಸರ್ಕಾರ ನಿರುದ್ಯೋಗ ಭತ್ಯೆಯನ್ನು ನಿಲ್ಲಿಸಿತು, ಏಕೆಂದರೆ ನಿಜವಾಗಿಯೂ ಕಾರ್ಖಾನೆಗಳಿಗೆ ಜನ ಸಾಲುತ್ತಿರಲಿಲ್ಲ. ನಗರವಾಸಿಗಳು 1926ರ 2 ಕೋಟಿ 60 ಲಕ್ಷದಿಂದ 1939ಕ್ಕೆ 5 ಕೋಟಿ 60 ಲಕ್ಷವಾದರು. ಮನೆಗಳು ಆ ಪ್ರಮಾಣದಲ್ಲಿ ಹೆಚ್ಚಲಿಲ್ಲ, ಬ್ರೆಡ್ಡಿಗೆ 1929ರಿಂದ 1935ರ ಆರಂಭದವರೆಗೂ ಪಡಿತರ ಚೀಟಿ. ಕಾರ್ಖಾನೆಯ ಮೇಲಧಿಕಾರಿಗೆ ನಷ್ಟದ ಭಯವಿರಲಿಲ್ಲ, ಗುರಿ ತಪ್ಪುವ ಭಯವಿತ್ತು. ಆದ್ದರಿಂದ ಅವನು ಜನರನ್ನೂ ಕಚ್ಚಾಸಾಮಗ್ರಿಯನ್ನೂ ಬೇಕಾದ್ದಕ್ಕಿಂತ ಹೆಚ್ಚಾಗಿ ಕೂಡಿಟ್ಟುಕೊಂಡ. ಹಂಗೆರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ ಇದನ್ನೇ 1980ರಲ್ಲಿ ಕೊರತೆಯ ಅರ್ಥವ್ಯವಸ್ಥೆ ಎಂದು ವಿವರಿಸಿದರು. ಅದಕ್ಕೆ ಹೋಲಿಸಿದರೆ, ಕುಸಿತದ ದಶಕದಲ್ಲೂ ಅಮೆರಿಕದ ಪ್ರಯೋಗಾಲಯಗಳಿಂದ ನೈಲಾನ್ ಬಂತು, ಕಾರ್ಖಾನೆಗಳಿಂದ ಡಿಸಿ-3 ವಿಮಾನ ಬಂತು. ಬೇರೆಡೆ ಕಂಡುಹಿಡಿದದ್ದನ್ನು ದೊಡ್ಡ ಪ್ರಮಾಣದಲ್ಲಿ ಕಟ್ಟುವುದರಲ್ಲಿ ಸೋವಿಯತ್ ವ್ಯವಸ್ಥೆ ಗೆದ್ದಷ್ಟು ಹೊಸದನ್ನು ಹುಟ್ಟಿಸುವುದರಲ್ಲಿ ಗೆಲ್ಲಲಿಲ್ಲ.

ನಿಮ್ಮಲ್ಲಿ ಕೆಲವರು 1941ನ್ನು ನೆನಪಿಸಲು ಕಾಯುತ್ತಿರಬಹುದು. ಮ್ಯಾಗ್ನಿಟೊಗೊರ್ಸ್ಕ್ ಇಲ್ಲದಿದ್ದರೆ ಹಿಟ್ಲರನ ಸೈನ್ಯವನ್ನು ತಡೆಯಲಾಗುತ್ತಿತ್ತೇ ಎಂಬ ಪ್ರಶ್ನೆ ಬಹಳ ಗಟ್ಟಿಯಾದದ್ದು. ಆ ವರ್ಷದ ಬೇಸಿಗೆಯಿಂದ ಚಳಿಗಾಲದೊಳಗೆ 1,500ಕ್ಕೂ ಹೆಚ್ಚು ಕಾರ್ಖಾನೆಗಳನ್ನು ಬಿಚ್ಚಿ, ರೈಲಿಗೆ ತುಂಬಿ, ಪೂರ್ವಕ್ಕೆ ಸಾಗಿಸಲಾಯಿತು. ಅವುಗಳಲ್ಲಿ ಬಹಳಷ್ಟಕ್ಕೆ ಉಕ್ಕು ಕೊಟ್ಟದ್ದು ಉರಲ್ ಮತ್ತು ಸೈಬೀರಿಯಾದ ಹೊಸ ಕುಲುಮೆಗಳು. ಆ ಕುಲುಮೆಗಳಿಲ್ಲದೆ ನಾಜಿಗಳನ್ನು ಸೋಲಿಸುವುದು ಸಾಧ್ಯವಿತ್ತೆಂದು ನನಗೆ ಅನ್ನಿಸುವುದಿಲ್ಲ. ಕುಲುಮೆ ಬೇಕಾಗಿತ್ತು ಎಂಬುದರಿಂದ ಕ್ಷಾಮವೂ ಬೇಕಾಗಿತ್ತು ಎಂಬ ತೀರ್ಮಾನ ಬರುವುದಿಲ್ಲ ಎಂದು ಮಾತ್ರ ಹೇಳುತ್ತೇನೆ. ಸತ್ತ ರೈತನ ಮಗ ಬದುಕಿದ್ದಿದ್ದರೆ ಅವನೂ 1941ರಲ್ಲಿ ಹೋರಾಡಲು ಇರುತ್ತಿದ್ದ.

ಕೊನೆಯದಾಗಿ ಇನ್ನೊಂದು ಲೆಕ್ಕ. 1934ರ ಜನವರಿಯಲ್ಲಿ ಪಕ್ಷದ ಹದಿನೇಳನೆಯ ಅಧಿವೇಶನದಲ್ಲಿ ಸ್ಟಾಲಿನ್, 1933ರ ಕೊನೆಗೆ ದೇಶದ ಜನಸಂಖ್ಯೆ 16 ಕೋಟಿ 80 ಲಕ್ಷ ಎಂದು ಘೋಷಿಸಿದ್ದ. 1937ರ ಜನವರಿ 6ರಂದು ಒಂದೇ ದಿನದಲ್ಲಿ ಇಡೀ ದೇಶದ ಜನಗಣತಿ ನಡೆಯಿತು. ಮೂರು ವರ್ಷಗಳ ಹೆರಿಗೆಗಳನ್ನೂ ಸೇರಿಸಿ ಎಣಿಸಿದ ಮೇಲೆ ಸಿಕ್ಕಿದ್ದು 16 ಕೋಟಿ 20 ಲಕ್ಷ ಜನ. ಸೆಪ್ಟೆಂಬರಿನಲ್ಲಿ ಆ ಗಣತಿಯನ್ನು ರದ್ದುಗೊಳಿಸಲಾಯಿತು. ಸಂಖ್ಯಾಶಾಸ್ತ್ರ ಇಲಾಖೆಯ ಮುಖ್ಯಸ್ಥ ಇವಾನ್ ಕ್ರಾವಲ್ ಮತ್ತು ಜನಗಣತಿಯ ಮುಖ್ಯಸ್ಥ ಒಲಿಂಪಿ ಕ್ವಿಟ್ಕಿನ್ ಇಬ್ಬರನ್ನೂ ಗುಂಡಿಕ್ಕಿ ಕೊಲ್ಲಲಾಯಿತು. 1937ರ ಉಕ್ಕಿನ ಅಂಕಿ, 1 ಕೋಟಿ 77 ಲಕ್ಷ ಟನ್, ಅಚ್ಚಾಗಿ ದೇಶವಿದೇಶಗಳಿಗೆ ಹೋಯಿತು. ಅದೇ ವರ್ಷದ ಜನರ ಅಂಕಿ 1980ರ ದಶಕದ ಕೊನೆಯವರೆಗೂ ಬೀಗ ಹಾಕಿದ ಕಪಾಟಿನಲ್ಲೇ ಇತ್ತು.